ಮಗುಗೆ ಸ್ಕೂಲಲ್ಲಿ ಎಕ್ಸ್‌ಟ್ರಾ ಸಪೋರ್ಟ್ ಬೇಕಾ? ಇಂಗ್ಲೆಂಡಿಗೆ ಹೊಸದಾಗಿ ಬಂದಿರೋ ನಮ್ಮವರಿಗೆ

ಸೆಪ್ಟೆಂಬರಲ್ಲಿ ಸ್ಕೂಲ್ ಶುರುವಾಗಿ ಮೂರ್ನಾಲ್ಕು ವಾರ ಆಯ್ತು ಅಂದ್ರೆ ನಂಗೆ ಮೆಸೇಜ್ ಬರೋಕೆ ಶುರು. "ಅಕ್ಕಾ, ಸ್ಕೂಲಿಂದ ಕರೆದಿದ್ರು, ಮಗು ಕಾರ್ಪೆಟ್ ಮೇಲೆ ಕೂರೋದೇ ಇಲ್ವಂತೆ, ಹೆಸರು ಕರೆದ್ರೆ ತಿರುಗಲ್ವಂತೆ, ಏನ್ ಮಾಡೋದು ಗೊತ್ತಾಗ್ತಿಲ್ಲ, ದಯವಿಟ್ಟು ಗ್ರೂಪಲ್ಲಿ ಹಾಕ್ಬೇಡಿ." ಆ ಕೊನೇ ಮಾತು ಪ್ರತಿ ಮೆಸೇಜಲ್ಲೂ ಇರುತ್ತೆ. ಯಾರ ಹೆಸರೂ ಹಾಕಲ್ಲ, ಆದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಅದೇ ವಿಷ್ಯಾನ ಈ ಸಲ ಸಂಘದ ಮಾರ್ಗದರ್ಶಿಲಿ ಬರೆದುಬಿಡ್ತೀನಿ ಅಂತ ಕೂತಿದೀನಿ.

ನಾವು ಬಂದಾಗ ನನ್ನ ಮಗನಿಗೆ ನಾಲ್ಕೂವರೆ ವರ್ಷ. ಮೈಸೂರಿನ ವಾಕ್ ಶ್ರವಣ ಸಂಸ್ಥೆಲಿ, ನಾವೆಲ್ಲ ಆಯಿಷ್ ಅಂತೀವಲ್ಲ, ಅಲ್ಲಿ ತೋರಿಸಿ ರಿಪೋರ್ಟ್ ಇಟ್ಕೊಂಡೇ ಬಂದಿದ್ವಿ. ಇಲ್ಲಿ ಸ್ಕೂಲಲ್ಲಿ ಟೀಚರ್ "ಹೊಸ ದೇಶ, ಹೊಸ ಭಾಷೆ, ಸ್ವಲ್ಪ ಸೆಟಲ್ ಆಗ್ಲಿ ನೋಡೋಣ" ಅಂದ್ರು, ನಾವು ತಲೆ ಆಡಿಸಿದ್ವಿ. ಮುಂದಿನ ಟರ್ಮಲ್ಲೂ ಅದೇ ಅಂದ್ರು, ಆಗಲೂ ತಲೆ ಆಡಿಸಿದ್ವಿ. ಊರಿಂದ ಅತ್ತೆ ಫೋನಲ್ಲಿ "ಇವರಪ್ಪಾನೂ ಮಾತಾಡಿದ್ದು ಲೇಟೇ, ಗಂಡುಮಕ್ಕಳು ಹಾಗೇ" ಅಂತಿದ್ರು. ಹೀಗೇ ಒಂದು ವರ್ಷ ಹೋಯ್ತು. ಟೀಚರ್ ಕೆಟ್ಟವರೇನೂ ಆಗಿರ್ಲಿಲ್ಲ, ಆದ್ರೆ ನಾವು ಬಾಯಲ್ಲಿ ಹೇಳಿದ್ದು ಎಲ್ಲೂ ದಾಖಲಾಗಿರ್ಲಿಲ್ಲ. ಅದಕ್ಕೇ ಮೊದಲೇ ಹೇಳ್ತೀನಿ, ಮೇಷ್ಟ್ರ ಮುಂದೆ ಎದುರು ಮಾತಾಡಬಾರದು ಅಂತ ಬೆಳೆದಿರೋ ನಮಗೆ ಇದು ಕಷ್ಟ, ಆದ್ರೂ ಕೇಳಬೇಕಾದ್ದನ್ನ ಬರವಣಿಗೆಲಿ ಕೇಳಿ. ಗೇಟಲ್ಲಿ ಮಾತಾಡಿದ್ರೆ ಅವತ್ತು ಸಂಜೆ ಮನೆಗೆ ಬಂದು "ಇವತ್ತು ನಾವು ಮಾತಾಡಿದ್ದು ಇಷ್ಟು" ಅಂತ ಒಂದು ಇಮೇಲ್ ಹಾಕಿ.

"ಇಂಗ್ಲಿಷ್ ಬರಲ್ಲ ಅದಕ್ಕೆ ಹಿಂಗೆ" ಅನ್ನೋ ಮಾತು ನಮ್ಮ ಮಕ್ಕಳಿಗೆ ಎರಡೂ ಕಡೆಯಿಂದ ಏಟು ಕೊಡುತ್ತೆ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್ ಪ್ರಕಾರ ಮನೆ ಭಾಷೆ ಬೇರೆ ಅನ್ನೋ ಒಂದೇ ಕಾರಣಕ್ಕೆ ಮಗುಗೆ ಕಲಿಕೆ ತೊಂದರೆ ಇದೆ ಅನ್ನೋ ಹಾಗಿಲ್ಲ, ಸರಿ. ಆದ್ರೆ ಭಾಷೆ ನೆಪದಲ್ಲಿ ನಿಜವಾದ ತೊಂದರೆ ಮರೆಯಾಗೋದೂ ಅಷ್ಟೇ ಸಾಮಾನ್ಯ. ಇಲ್ಲಿ ನೀವು ಕೊಡಬಹುದಾದ ಸಾಕ್ಷಿ ಬೇರೆ ಯಾರ ಹತ್ರಾನೂ ಇಲ್ಲ, ಅದು ಮಗು ಕನ್ನಡದಲ್ಲಿ ಹೇಗೆ ಮಾತಾಡುತ್ತೆ ಅನ್ನೋದು. ಕನ್ನಡದಲ್ಲೂ ಎರಡು ಪದ ಸೇರಿಸಲ್ಲ, "ಶೂ ತಗೊಂಡು ಬಾಗಿಲ ಹತ್ರ ಇಡು" ಅಂದ್ರೆ ಅರ್ಥ ಆಗಲ್ಲ, "ಊಟ ಬೇಕಾ" ಅಂದ್ರೆ ತಾನೂ "ಊಟ ಬೇಕಾ" ಅನ್ನುತ್ತೆ ಅಂದ್ರೆ ಅದು ಇಂಗ್ಲಿಷ್ ಸಮಸ್ಯೆ ಅಲ್ಲ ತಾನೆ. ಇಂಥದ್ದನ್ನ ತಾರೀಖು ಹಾಕಿ ಬರೆದಿಡಿ, ಫೋನಲ್ಲಿ ವಿಡಿಯೋ ಮಾಡಿ. ಸ್ಪೀಚ್ ಥೆರಪಿಸ್ಟ್ ನೋಡುವಾಗ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಮುಂಚೇನೇ ಹೇಳಿ, ಇಂಡಿಯಾ ಅಂದ ತಕ್ಷಣ ಹಿಂದಿಯವರನ್ನ ಕರೆಸಿಬಿಡ್ತಾರೆ. ಮತ್ತೆ ಮನೇಲಿ ಕನ್ನಡ ನಿಲ್ಲಿಸಿ ಬರೀ ಇಂಗ್ಲಿಷ್ ಮಾತಾಡಿ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಕೇಳ್ಬೇಡಿ, ಇಲ್ಲಿನ ಸ್ಪೀಚ್ ಥೆರಪಿಸ್ಟ್‌ಗಳ ರಾಯಲ್ ಕಾಲೇಜೇ ಮನೆ ಭಾಷೆ ಬಿಡಬೇಡಿ ಅನ್ನುತ್ತೆ. ಅಜ್ಜಿ ತಾತನ ಜೊತೆ ಮಾತಾಡೋಕೆ ಆ ಮಗುಗೆ ಇರೋದು ಅದೊಂದೇ ಭಾಷೆ.

ಈಗ ಸ್ಕೂಲ್ ಒಳಗಿನ ವಿಷ್ಯ. ಪ್ರತಿ ಮಾಮೂಲಿ ಸರ್ಕಾರಿ ಸ್ಕೂಲಲ್ಲೂ ಸೆನ್ಕೊ ಅಂತ ಒಬ್ಬರು ಟೀಚರ್ ಇರ್ತಾರೆ, ಸ್ಪೆಷಲ್ ನೀಡ್ಸ್ ಜವಾಬ್ದಾರಿ ಅವರದ್ದು. ಕ್ಲಾಸ್ ಟೀಚರ್ ಜೊತೆಗೆ ಅವರಿಗೂ ಇಮೇಲ್ ಮಾಡಿ ಮೀಟಿಂಗ್ ಕೇಳಿ. ಮೊದಲ ಹಂತಕ್ಕೆ ಸೆನ್ (ಸ್ಪೆಷಲ್ ಎಜುಕೇಶನಲ್ ನೀಡ್ಸ್, ಅಂದ್ರೆ ಕಲಿಯೋಕೆ ವಿಶೇಷ ನೆರವು ಬೇಕಾಗಿರೋದು) ಸಪೋರ್ಟ್ ಅಂತಾರೆ, ಮಗುನ ನೋಡಿ, ಪ್ಲಾನ್ ಮಾಡಿ, ಅದನ್ನ ಮಾಡಿ, ಮತ್ತೆ ಕೂತು ಏನಾಯ್ತು ಅಂತ ನೋಡೋದು, ವರ್ಷಕ್ಕೆ ಕಮ್ಮಿ ಅಂದ್ರೂ 3 ಸಲ ನಿಮ್ಮ ಜೊತೆ ಕೂತು ಮಾತಾಡಬೇಕು. ಬೆಂಗಳೂರಲ್ಲಿ ಕ್ಲಾಸಲ್ಲಿ ಮಗು ಪಕ್ಕದಲ್ಲೇ ಇದ್ದು ನೋಡ್ಕೊಳ್ಳೋ ಶ್ಯಾಡೋ ಟೀಚರ್‌ಗೆ ನಾವೇ ತಿಂಗಳು ತಿಂಗಳು ದುಡ್ಡು ಕೊಟ್ಟು ಅಭ್ಯಾಸ, ಇಲ್ಲಿ ಹಾಗಿಲ್ಲ, ಸ್ಕೂಲ್ ತನ್ನ ಬಜೆಟ್ಟಿಂದ ಒಂದು ಮಗುಗೆ ವರ್ಷಕ್ಕೆ ಮೊದಲ 6,000 ಪೌಂಡ್ ತನಕದ ಹೆಚ್ಚುವರಿ ಖರ್ಚು ನೋಡ್ಕೋಬೇಕು ಅನ್ನೋದು ವ್ಯವಸ್ಥೆ. ಕೆಲವು ಮಕ್ಕಳಿಗೆ ಇಷ್ಟೇ ಸಾಕಾಗುತ್ತೆ, ನಿಜವಾಗ್ಲೂ.

ಸಾಕಾಗದೇ ಇದ್ರೆ ಇಎಚ್‌ಸಿ ಪ್ಲಾನ್, ಅಂದ್ರೆ ಎಜುಕೇಶನ್ ಹೆಲ್ತ್ ಅಂಡ್ ಕೇರ್ ಪ್ಲಾನ್. ಇದು ಕಾನೂನಿನ ಬಲ ಇರೋ ಡಾಕ್ಯುಮೆಂಟ್, ಅಗತ್ಯ ಇರೋ ತನಕ, 25 ವಯಸ್ಸಿನವರೆಗೂ ನಡೆಯಬಹುದು. ಇದನ್ನ ಕೊಡೋದು ಕೌನ್ಸಿಲ್, ಅಂದ್ರೆ ನೀವಿರೋ ಜಾಗದ ಸ್ಥಳೀಯ ಆಡಳಿತ, ಸ್ಕೂಲ್ ಅಲ್ಲ. ನಮ್ಮವರಲ್ಲಿ ಬಹಳ ಜನ ಎರಡು ವಿಷ್ಯಕ್ಕೆ ಕಾಯ್ತಾ ಕೂತಿರ್ತಾರೆ. ಒಂದು, ಸ್ಕೂಲೇ ಅರ್ಜಿ ಹಾಕ್ಬೇಕು ಅಂತ. ಹಾಗೇನಿಲ್ಲ, ಅಪ್ಪ ಅಮ್ಮ ನೇರವಾಗಿ ಕೌನ್ಸಿಲ್‌ಗೆ ಬರೀಬಹುದು. ಇನ್ನೊಂದು, ಆಟಿಸಂ ಅಥವಾ ಎಡಿಎಚ್‌ಡಿ ಅಂತ ಡಯಾಗ್ನೋಸಿಸ್ ಬರಲಿ ಅಂತ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವೇಟಿಂಗ್ ಲಿಸ್ಟ್ ಎಷ್ಟೋ ಕಡೆ ವರ್ಷ ದಾಟುತ್ತೆ, ಜಿಪಿ, ಅಂದ್ರೆ ನಿಮ್ಮ ಫ್ಯಾಮಿಲಿ ಡಾಕ್ಟರ್ ಹತ್ರ ಹೋಗಿ ರೆಫರಲ್ ಹಾಕಿಸಿ, ಆದ್ರೆ ಅದಕ್ಕೋಸ್ಕರ ಇದನ್ನ ನಿಲ್ಲಿಸಬೇಡಿ, ಕಾನೂನು ಡಯಾಗ್ನೋಸಿಸ್ ಕೇಳೋದೇ ಇಲ್ಲ. ಪ್ಲಾನ್ ಕೊಡೋ ಮುಂಚೆ ಕೌನ್ಸಿಲ್ ಮಗುವಿನ ಅಗತ್ಯಗಳ ಅಸೆಸ್‌ಮೆಂಟ್ ಮಾಡುತ್ತೆ, ಅದನ್ನ ಮಾಡೋಕೆ ಇರೋ ಅಳತೆ ಇಷ್ಟೇ, ಮಗುಗೆ ಸ್ಪೆಷಲ್ ಎಜುಕೇಶನಲ್ ನೀಡ್ಸ್ ಇದೆ ಅಥವಾ ಇರಬಹುದು, ಮತ್ತೆ ಪ್ಲಾನ್ ಮೂಲಕ ಸಪೋರ್ಟ್ ಬೇಕಾಗಬಹುದು. "ಬಹುದು" ಅನ್ನೋದನ್ನ ಗಮನಿಸಿ, ಅಷ್ಟು ಸಾಕು.

ಪತ್ರ ಉದ್ದ ಬೇಡ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟಿನ ಸೆಕ್ಷನ್ 36(1)ರ ಪ್ರಕಾರ ಇಎಚ್‌ಸಿ ನೀಡ್ಸ್ ಅಸೆಸ್‌ಮೆಂಟ್ ಕೇಳ್ತಿದೀನಿ ಅಂತ ಮೊದಲ ಸಾಲಲ್ಲೇ ಬರೀರಿ, ಆಮೇಲೆ ಮಗು ಹೆಸರು, ಹುಟ್ಟಿದ ತಾರೀಖು, ಸ್ಕೂಲು, ಕಷ್ಟ ಏನು, ಸ್ಕೂಲ್ ಇಲ್ಲೀವರೆಗೆ ಏನ್ ಮಾಡಿದೆ, ಅದು ಯಾಕೆ ಸಾಕಾಗ್ತಿಲ್ಲ. ಇಪ್ಸಿಯಾ ಅನ್ನೋ ಚಾರಿಟಿ ವೆಬ್‌ಸೈಟಲ್ಲಿ ಮಾದರಿ ಪತ್ರ ಉಚಿತವಾಗಿ ಸಿಗುತ್ತೆ, ನಾನೂ ಅದನ್ನೇ ಬಳಸಿದ್ದು. ಊರಿನ ರಿಪೋರ್ಟ್‌ಗಳನ್ನ ಹಳೇದು ಅಂತ ಬಿಸಾಕಬೇಡಿ, ಆಯಿಷ್‌ದೋ ನಿಮ್ಹಾನ್ಸ್‌ದೋ ಇದ್ರೆ ಜೊತೆಗಿಡಿ, ತೊಂದರೆ ಈ ದೇಶಕ್ಕೆ ಬರೋ ಮುಂಚೇನೇ ಇತ್ತು ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆ ಕಾಗದ ಇಲ್ಲ. ಇಂಡಿಯಾದ ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಇದ್ರೆ ಅದರಿಂದ ಇಲ್ಲಿ ತಾನಾಗೇ ಯಾವ ಸೌಲಭ್ಯಾನೂ ಬರಲ್ಲ, ಬರೀ ಹಿನ್ನೆಲೆ ಮಾಹಿತಿ ಅಂತ ಲಗತ್ತಿಸಬಹುದು.

ಕೌನ್ಸಿಲ್‌ಗೆ ನಿಮ್ಮ ಪತ್ರ ತಲುಪಿದ ದಿನ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ. 6 ವಾರದೊಳಗೆ ಅಸೆಸ್ ಮಾಡ್ತೀವೋ ಇಲ್ವೋ ಅಂತ ಅವರು ಹೇಳಬೇಕು. ಮಾಡ್ತೀವಿ ಅಂದ್ರೆ ಎಜುಕೇಶನಲ್ ಸೈಕಾಲಜಿಸ್ಟ್, ಸ್ಕೂಲು, ಆರೋಗ್ಯ ಇಲಾಖೆ ಎಲ್ಲರ ಸಲಹೆ ತಗೋತಾರೆ, ಆಮೇಲೆ ಪ್ಲಾನ್ ಕೊಡಲ್ಲ ಅನ್ನೋದಾದ್ರೆ 16ನೇ ವಾರದೊಳಗೆ ತಿಳಿಸಬೇಕು, ಕೊಡೋದಾದ್ರೆ ಫೈನಲ್ ಪ್ಲಾನ್ 20 ವಾರದಲ್ಲಿ ಕೈಗೆ ಬರಬೇಕು. ಇದು ಕಾನೂನು. ನಿಜಸ್ಥಿತಿ ಏನಂದ್ರೆ 2024ರಲ್ಲಿ ಇಡೀ ಇಂಗ್ಲೆಂಡಲ್ಲಿ ಅರ್ಧಕ್ಕಿಂತ ಕಮ್ಮಿ ಪ್ಲಾನ್‌ಗಳು ಮಾತ್ರ 20 ವಾರದಲ್ಲಿ ಬಂದಿದ್ದು. ಹಾಗಾಗಿ ತಡ ಆದ್ರೆ ಸುಮ್ನಿರಬೇಡಿ, ಗಡುವು ದಾಟಿದ ಮಾರನೇ ದಿನವೇ ಇಮೇಲ್ ಹಾಕಿ, ಅಲ್ಲಿಂದಾಚೆ ವಾರ ವಾರ ಹಾಕಿ.

ಮೊದಲ ಉತ್ತರ "ಇಲ್ಲ" ಅಂತ ಬಂದ್ರೆ ಎದೆಗುಂದಬೇಡಿ, ನಮಗೂ ಹಾಗೇ ಬಂತು, ಆ ಪತ್ರ ಓದಿ ಅವತ್ತು ರಾತ್ರಿ ನಾವಿಬ್ರೂ ಊಟ ಮಾಡಿರ್ಲಿಲ್ಲ. ಸ್ಕೂಲ್ 6,000 ಪೌಂಡ್ ಖರ್ಚು ಮಾಡಿದ್ದು ತೋರಿಸಿಲ್ಲ, ಮಗು ಕಲಿಕೆಲಿ ಇಷ್ಟು ವರ್ಷ ಹಿಂದೆ ಇರಬೇಕು, ಡಯಾಗ್ನೋಸಿಸ್ ಇಲ್ಲ ಅಂತೆಲ್ಲ ಕಾರಣ ಕೊಡ್ತಾರೆ, ಇದ್ಯಾವುದೂ ಮೇಲೆ ಹೇಳಿದ ಕಾನೂನಿನ ಅಳತೆಲಿ ಇಲ್ಲ. ಪತ್ರದ ತಾರೀಖಿಂದ 2 ತಿಂಗಳೊಳಗೆ, ಅಥವಾ ಮೀಡಿಯೇಶನ್ (ಕೌನ್ಸಿಲ್ ಜೊತೆ ಮಧ್ಯಸ್ಥಿಕೆ ಮಾತುಕತೆ) ಸರ್ಟಿಫಿಕೇಟ್ ಬಂದು 1 ತಿಂಗಳೊಳಗೆ, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತೋ ಅಷ್ಟರೊಳಗೆ ಇಂಥ ಕೌನ್ಸಿಲ್ ನಿರ್ಧಾರಗಳ ವಿರುದ್ಧದ ದೂರು ಕೇಳೋ ಸೆಂಡ್ ಟ್ರಿಬ್ಯೂನಲ್‌ಗೆ ಅಪೀಲ್ ಹಾಕಬಹುದು. ಆ ಸರ್ಟಿಫಿಕೇಟ್‌ಗೆ ಮೀಡಿಯೇಶನ್‌ಗೆ ಕೂರಲೇಬೇಕು ಅಂತಿಲ್ಲ, ಸಲಹೆಗಾರರಿಗೆ ಫೋನ್ ಮಾಡಿ ಬೇಡ ಅಂದ್ರೂ ಕೊಡ್ತಾರೆ. ಫೀಸಿಲ್ಲ, ಲಾಯರ್ ಬೇಕೇ ಬೇಕು ಅಂತಾನೂ ಇಲ್ಲ. ತೀರ್ಪಿನವರೆಗೂ ಹೋದ ಕೇಸುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಕೇಸಲ್ಲಿ ಪೂರ್ತಿಯಾಗೋ ಸ್ವಲ್ಪವೋ ಅಪ್ಪ ಅಮ್ಮನ ಪರವಾಗೇ ಆಗಿದೆ. ಟ್ರಿಬ್ಯೂನಲ್ ಅಂದ್ರೆ ಕೋರ್ಟು ಕಚೇರಿ ಅಂತ ನಮ್ಮವರು ಹೆದರ್ತಾರೆ, ಅಪೀಲ್ ಹಾಕಿದ್ಮೇಲೆ ವಿಚಾರಣೆಗೆ ಮುಂಚೇನೇ ಕೌನ್ಸಿಲ್ ಒಪ್ಪಿಕೊಂಡಿದ್ದೂ ಎಷ್ಟೋ ಇದೆ, ನಮ್ಮದೂ ಹಾಗೇ ಆಗಿದ್ದು.

ಡ್ರಾಫ್ಟ್ ಪ್ಲಾನ್ ಬಂದಾಗ ಖುಷಿಲಿ ಸೈನ್ ಮಾಡಿ ಕಳಿಸೋ ಆತುರ ಬೇಡ. ನೋಡೋಕೆ, ಬದಲಾವಣೆ ಕೇಳೋಕೆ, ಯಾವ ಸ್ಕೂಲ್ ಬೇಕು ಅಂತ ಹೇಳೋಕೆ ಕನಿಷ್ಠ 15 ದಿನ ಕೊಡಬೇಕು. ಪ್ಲಾನಲ್ಲಿ ಎ ಇಂದ ಕೆ ವರೆಗೆ ಭಾಗಗಳಿರುತ್ತೆ, ನಿಮ್ಮ ಜೀವ ಇರಬೇಕಾದ್ದು ಬಿ, ಎಫ್, ಐ ಮೇಲೆ. ಬಿ ಅಂದ್ರೆ ಮಗುವಿನ ಕಷ್ಟಗಳು, ಎಫ್ ಅಂದ್ರೆ ಅದಕ್ಕೆ ಕೊಡೋ ಸಪೋರ್ಟು, ಐ ಅಂದ್ರೆ ಸ್ಕೂಲು. ಬಿ ಲಿ ಬರೆದ ಪ್ರತಿ ಕಷ್ಟಕ್ಕೂ ಎಫ್ ಲಿ ಒಂದು ಉತ್ತರ ಇರಬೇಕು, ಪೆನ್ಸಿಲ್ ಹಿಡ್ಕೊಂಡು ಒಂದೊಂದಾಗಿ ಟಿಕ್ ಮಾಡ್ಕೊಂಡು ಹೋಗಿ. "ಅಗತ್ಯ ಬಿದ್ದಾಗ", "ಅವಕಾಶ ಸಿಕ್ಕಾಗ", "ನಿಯಮಿತವಾಗಿ" ಇಂಥ ಪದ ಕಂಡ್ರೆ ಕೆಂಪು ಗೆರೆ ಎಳೀರಿ. ಯಾರು, ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಒಬ್ಬನಿಗೇನಾ ಗುಂಪಲ್ಲಾ, ಇಷ್ಟು ಸ್ಪಷ್ಟ ಇದ್ರೆ ಮಾತ್ರ ನಾಳೆ ಕೇಳೋಕಾಗೋದು, ಯಾಕಂದ್ರೆ ಎಫ್ ಲಿ ಬರೆದಿದ್ದನ್ನ ಕೊಡಿಸೋದು ಕೌನ್ಸಿಲ್‌ನ ಕಾನೂನು ಬದ್ಧ ಕರ್ತವ್ಯ, ದುಡ್ಡಿಲ್ಲ ಅನ್ನೋ ಹಾಗಿಲ್ಲ. ನನ್ನ ಮಗನ ಡ್ರಾಫ್ಟಲ್ಲಿ ಸ್ಪೀಚ್ ಥೆರಪಿನ ಜಿ ಲಿ, ಅಂದ್ರೆ ಆರೋಗ್ಯದ ಭಾಗದಲ್ಲಿ ಹಾಕಿದ್ರು, ಮಗುಗೆ ಕಲಿಸೋ ಥೆರಪಿ ಎಫ್ ಲೇ ಇರಬೇಕು ಅಂತ ಪಟ್ಟು ಹಿಡಿದು ಬದಲಾಯಿಸಿದ್ವಿ. ಐ ಲಿ ಸರ್ಕಾರಿ ಸ್ಕೂಲ್ ಅಥವಾ ಅಕಾಡೆಮಿ ಹೆಸರು ಬಂದ್ರೆ ಆ ಸ್ಕೂಲ್ ಮಗುನ ಸೇರಿಸಿಕೊಳ್ಳಲೇಬೇಕು. ಆಮೇಲೆ ವರ್ಷಕ್ಕೊಂದ್ಸಲ ರಿವ್ಯೂ ಇರುತ್ತೆ, ಕೆಲಸ ಬದಲಾಗಿ ಬೇರೆ ಕೌನ್ಸಿಲ್‌ಗೆ ಮನೆ ಶಿಫ್ಟ್ ಮಾಡಿದ್ರೂ ಪ್ಲಾನ್ ನಿಮ್ಮ ಜೊತೆ ಬರುತ್ತೆ.

ಇನ್ನೊಂದು, ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡಿ "ಇವತ್ತು ಅವನಿಗೆ ಕಷ್ಟ ಆಗ್ತಿದೆ, ಬಂದು ಕರ್ಕೊಂಡು ಹೋಗಿ" ಅಂತಾರೆ ಅಂದ್ರೆ ಅದನ್ನ ಒಪ್ಕೋಬೇಡಿ. ನಡವಳಿಕೆ ಕಾರಣಕ್ಕೆ ಮನೆಗೆ ಕಳಿಸೋದಾದ್ರೆ ಅದನ್ನ ಸಸ್ಪೆನ್ಶನ್ ಅಂತ ದಾಖಲಿಸಿ ಬರವಣಿಗೆಲಿ ಕೊಡಬೇಕು, ಸುಮ್ನೆ ಕಳಿಸೋದು ಕಾನೂನು ಬಾಹಿರ. ಎಷ್ಟೋ ಅಮ್ಮಂದಿರು ಇದರಿಂದಲೇ ಕೆಲಸ ಬಿಟ್ಟಿದ್ದಾರೆ, ಇದನ್ನ ನೋಡಿದಾಗಲೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

ವೀಸಾ ಬಗ್ಗೆ ಎಲ್ರೂ ಕೇಳ್ತಾರೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ತಗೊಳ್ಳೋ ಹಾಗಿಲ್ಲ ಅಂತ ಇರುತ್ತಲ್ಲ, ಸರ್ಕಾರಿ ಸ್ಕೂಲ್ ಶಿಕ್ಷಣ ಆ ಪಟ್ಟಿಲಿ ಬರಲ್ಲ, ಎನ್‌ಎಚ್‌ಎಸ್ಸೂ ಬರಲ್ಲ, ಸ್ಕೂಲ್ ಸಪೋರ್ಟ್ ಧೈರ್ಯವಾಗಿ ಕೇಳಿ. ಆದ್ರೆ ಡಿಸಬಿಲಿಟಿ ಲಿವಿಂಗ್ ಅಲೋವೆನ್ಸ್, ಕೇರರ್ಸ್ ಅಲೋವೆನ್ಸ್ ಎರಡೂ ಆ ಪಟ್ಟಿಲಿವೆ. ಯಾರೋ ಸ್ನೇಹಿತರು ತಗೋತಿದ್ದಾರೆ ಅಂತ ನೀವು ಅಪ್ಲೈ ಮಾಡಬೇಡಿ, ಅವರಿಗೆ ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರೋ ಅನುಮತಿ) ಅಥವಾ ಬ್ರಿಟಿಷ್ ಪಾಸ್‌ಪೋರ್ಟ್ ಬಂದಿರಬಹುದು. ನಿಮ್ಮ ವೀಸಾ ಕಾಗದ ನೋಡ್ಕೊಳ್ಳಿ, ಅನುಮಾನ ಇದ್ರೆ ಇಮಿಗ್ರೇಶನ್ ಸಲಹೆಗಾರರನ್ನ ಕೇಳಿ ಆಮೇಲೆ ಮುಂದುವರೀರಿ.

ಇದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ನಾರ್ದರ್ನ್ ಐರ್ಲೆಂಡ್‌ಗೆ ಬೇರೆ ಕಾನೂನು, ಪ್ಲಾನ್‌ಗಳ ಹೆಸರೂ ಬೇರೆ. ಇಂಗ್ಲೆಂಡಲ್ಲೂ ಈ ವ್ಯವಸ್ಥೆ ಬದಲಾಯಿಸೋ ಮಾತು ನಡೀತಿದೆ, ಹಾಗಾಗಿ ಅರ್ಜಿ ಹಾಕೋ ದಿನ ಸರ್ಕಾರದ ವೆಬ್‌ಸೈಟ್ ಒಂದ್ಸಲ ನೋಡಿ. ಪ್ರತಿ ಕೌನ್ಸಿಲ್ ವ್ಯಾಪ್ತಿಲೂ ಸೆಂಡಿಯಾಸ್ ಅನ್ನೋ ಉಚಿತ ಸಲಹಾ ಸೇವೆ ಇದೆ, ಅವರು ಮೀಟಿಂಗಿಗೂ ಜೊತೆಗೆ ಬರಬಹುದು, ಕೇಳಿ ನೋಡಿ. ಸಂಘದಲ್ಲೂ ಈ ದಾರಿ ನಡೆದಿರೋ ಮೂರ್ನಾಲ್ಕು ಮನೆಯವರಿದ್ದೀವಿ, ಮೀಟಿಂಗಲ್ಲಿ ಪಕ್ಕದಲ್ಲಿ ಕೂತು ಬರ್ಕೊಳ್ಳೋಕೆ, ಪೇಪರ್ ಓದಿ ಹೇಳೋಕೆ ಬರ್ತೀವಿ. ನಿಮ್ಮ ಹೆಸರು ಎಲ್ಲೂ ಹೊರಗೆ ಹೋಗಲ್ಲ. ಡ್ರಾಫ್ಟ್ ಏನಾದ್ರೂ ಬಂದಿದ್ರೆ ಮಾತ್ರ ವೀಕೆಂಡ್ ಬರಲಿ ಅಂತ ಕಾಯ್ಬೇಡಿ, ಅವತ್ತೇ ಕಳಿಸಿ, 15 ದಿನದ ಲೆಕ್ಕ ಶುರುವಾಗಿರುತ್ತೆ.