ಸೊಳ್ಳೆ ಲಿಕ್ವಿಡ್ ರಾತ್ರಿ ಹತ್ತಕ್ಕೆ ಹಾಕೋರಿಗೆ

ಮುಸ್ಸಂಜೆ ದೀಪ ಹಚ್ಚೋ ಹೊತ್ತಿಗೆ ಹಿತ್ತಲ ಬಾಗಿಲು ಹಾಕಿ ಮುಂಬಾಗಿಲು ತೆಗೆದಿಡಬೇಕು, ಲಕ್ಷ್ಮಿ ಬರೋ ಹೊತ್ತು ಅಂತ ನಮ್ಮತ್ತೆ ಕಾಲದಿಂದ ನಮ್ಮನೇಲಿ ಪದ್ಧತಿ. ಲಕ್ಷ್ಮಿ ಬಂದ್ಳೋ ಇಲ್ವೋ, ಸೊಳ್ಳೆ ಅಂತೂ ದಂಡುಗಟ್ಕೊಂಡು ಬರ್ತಿದ್ವು. ಕೊನೆಗೆ ಜಾಲರಿ ಬಾಗಿಲು ಹಾಕ್ಸಿದೆ, ತಾಯಿ ಅದಕ್ಕೆಲ್ಲ ಬೇಜಾರ್ ಮಾಡ್ಕೊಳಲ್ಲ ಬಿಡಿ.

ಈಗಿನ ಹುಡುಗ್ರು ಸಂಜೆಯೆಲ್ಲ ಕಿಟಕಿ ತೆಗೆದಿಟ್ಟು ರಾತ್ರಿ ಹತ್ತಕ್ಕೆ ಮಲಗೋವಾಗ ಲಿಕ್ವಿಡ್ ಹಾಕಿ, ಇದು ಕೆಲ್ಸಾನೇ ಮಾಡಲ್ಲ ಅಂತಾರೆ. ಅಷ್ಟೊತ್ತಿಗೆ ಅವು ಮಂಚದ ಕೆಳಗೆ, ಕರ್ಟನ್ ಹಿಂದೆ, ಗೂಟಕ್ಕೆ ನೇತಾಕಿದ ಪ್ಯಾಂಟ್ ಒಳಗೆ ಸೆಟ್ಲ್ ಆಗಿರ್ತವೆ. ಸೂರ್ಯ ಮುಳುಗೋ ಮುಂಚೆನೇ ಕಿಟಕಿ ಹಾಕಿ ಲಿಕ್ವಿಡ್ ಆನ್ ಮಾಡಿ, ಅರ್ಧ ಗಂಟೆ ರೂಮಿಂದ ಆಚೆ ಇರಿ, ಆಮೇಲೆ ಜಾಲರಿ ಇರೋ ಕಿಟಕಿ ಒಂಚೂರು ತೆಗೀರಿ, ಗಾಳಿ ಆಡ್ಲಿ. ತಲೆದಿಂಬಿನ ಪಕ್ಕದ ಪ್ಲಗ್ಗಿಗೆ ಬೇಡ, ದೂರದ್ದಕ್ಕೆ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸಲ್ಲಿ ಅಡ್ಡಡ್ಡ ಸಿಗಿಸಬೇಡಿ, ಬಾಟ್ಲಿ ನೆಟ್ಟಗೆ ನಿಂತಿರಬೇಕು, ಇಲ್ಲಾಂದ್ರೆ ಸೋರುತ್ತೆ. ಮನೇಲಿ ಮೀನಿನ ತೊಟ್ಟಿ ಇದ್ರೆ ಆ ರೂಮಲ್ಲಿ ಇದ್ಯಾವ್ದೂ ಬೇಡವೇ ಬೇಡ, ಮೀನಿಗೆ ಅದು ವಿಷ.

ಕಾಯಿಲ್ ನಾನು ಒಳಗೆ ಹಚ್ಚೋದೇ ಬಿಟ್ಟೆ. ಒಂದ್ಸಲ ಫ್ಯಾನ್ ಗಾಳಿಗೆ ಕೆಂಡದ ತುಂಡು ಹಾರಿ ಚಾಪೆ ಅಂಚು ಸುಟ್ಟು ಕಾಸಗಲ ತೂತಾಯ್ತು, ಪುಣ್ಯಕ್ಕೆ ಎಚ್ಚರ ಇತ್ತು. ಜಗಲಿ ಮೇಲೆ ಕೂತು ಮಾತಾಡೋವಾಗ ಹಚ್ಚಿ, ಹಳೇ ಸ್ಟೀಲ್ ತಟ್ಟೇಲಿ ಮರಳು ಹಾಕಿ ಇಡಿ. ಉಬ್ಬಸ ಇರೋರ ಮನೇಲಿ ಹೊಗೆ ಸುತರಾಂ ಬೇಡ. ಸೊಳ್ಳೆ ಅಗರಬತ್ತಿ ಅಂತ ಮಾರ್ತಾರಲ್ಲ, ಪ್ಯಾಕಲ್ಲಿ ಸಿಐಆರ್ ನಂಬರ್, ಅಂದ್ರೆ ಕೀಟನಾಶಕಕ್ಕೆ ಸರ್ಕಾರದ ನೋಂದಣಿ ನಂಬರ್, ಇಲ್ದಿದ್ರೆ ಅದ್ರಲ್ಲಿ ಯಾವ ಔಷಧಿ ಬೆರೆಸಿದ್ದಾರೋ ದೇವರಿಗೇ ಗೊತ್ತು, ಅಗರಬತ್ತಿ ಅಂದ್ಮಾತ್ರಕ್ಕೆ ಸಾತ್ವಿಕ ಅಂದ್ಕೋಬೇಡಿ.

ಇನ್ನು ಡೆಂಗಿ ಸೊಳ್ಳೆ, ಕಾಲಲ್ಲಿ ಬಿಳಿ ಪಟ್ಟೆ ಇರೋ ಕರೀದು, ಅದು ಹಗಲಲ್ಲಿ ಕಚ್ಚೋದು, ಬೆಳಗ್ಗೆ ಮತ್ತೆ ಸಂಜೆ ಮುಂಚೆ ಜಾಸ್ತಿ. 2024ರಲ್ಲಿ ನಮ್ಮ ಸರ್ಕಾರ ಡೆಂಗಿನ ಸಾಂಕ್ರಾಮಿಕ ಅಂತಾನೇ ಘೋಷಿಸ್ತಲ್ಲ, ಆ ವರ್ಷ ನಮ್ ಬೀದೀಲೂ ಎಲ್ಲಾರ ಬಾಯಲ್ಲೂ ಪ್ಲೇಟ್ಲೆಟ್ ಮಾತೇ. ಅದಕ್ಕೆ ಮಕ್ಕಳಿಗೆ ಕ್ರೀಮ್ ಹಚ್ಚೋದು ಸ್ಕೂಲಿಗೆ ಹೊರಡೋವಾಗ. ಮೊದ್ಲು ನಿಮ್ಮ ಅಂಗೈಗೆ ಹಾಕ್ಕೊಂಡು ಅವ್ರ ಕಾಲು, ತೋಳು, ಕತ್ತಿನ ಹಿಂದೆ ಸವರಿ, ಅವ್ರ ಅಂಗೈಗೆ ಮಾತ್ರ ಹಚ್ಚಬೇಡಿ. ನಮ್ಮ ಮೊಮ್ಮಗ ಅದೇ ಕೈಲಿ ಕಣ್ಣು ಉಜ್ಕೊಂಡು ಅರ್ಧ ಗಂಟೆ ನಲ್ಲಿ ಕೆಳಗೆ ಮುಖ ಒಡ್ಡಿ ಅತ್ತಿದ್ದ. ಗಾಯದ ಮೇಲೆ ಬೇಡ, ಬಟ್ಟೆ ಮುಚ್ಚೋ ಜಾಗಕ್ಕೆ ಬೇಡ, ಮನೆಗ್ ಬಂದ್ಮೇಲೆ ಸೋಪ್ ಹಾಕಿ ತೊಳೀರಿ. ಸನ್‌ಸ್ಕ್ರೀನ್ ಹಚ್ಚೋರು ಮೊದ್ಲು ಅದು, ಒಣಗಿದ್ಮೇಲೆ ಇದು. ಹಸುಗೂಸಿಗೆ ಕ್ರೀಮೂ ಬೇಡ ಹೊಗೆಯೂ ಬೇಡ, ಪರದೆ ಕಟ್ಟಿ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ, ಅದರ ಮುಂದೆ ಯಾವ್ದೂ ಇಲ್ಲ.

ಬೇವಿನೆಣ್ಣೆಗೆ ಕರ್ಪೂರ ಹಾಕಿ ದೀಪ ಹಚ್ಚೋದು ನಾನೂ ಮಾಡ್ತೀನಿ, ವಾಸನೆ ಇಷ್ಟ ಅಂತ ಮಾಡ್ತೀನಿ ಅಷ್ಟೇ, ಅದನ್ನೇ ನಂಬ್ಕೊಂಡು ಕೂರಲ್ಲ. ಕರ್ಪೂರದ ಡಬ್ಬಿ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ, ಕಲ್ಲುಸಕ್ಕರೆ ಅಂತ ಬಾಯಿಗೆ ಹಾಕ್ಕೊಂಡ್ರೆ ಫಿಟ್ಸ್ ಬರುತ್ತೆ. ಸ್ಪ್ರೇ ಹೊಡೆದ ತಕ್ಷಣ ಕರೆಂಟ್ ಬ್ಯಾಟ್ ಬೀಸಬೇಡಿ, ಕಿಡಿ ಸಾಕು ಹತ್ಕೊಳ್ಳಕ್ಕೆ.

ಮೊಟ್ಟೆ ಸೊಳ್ಳೆ ಆಗಕ್ಕೆ ಒಂದು ವಾರ ಹತ್ತು ದಿನ ಸಾಕು, ಅದಕ್ಕೆ ನಾನು ಪ್ರತಿ ಭಾನುವಾರ ನೀರು ನಿಲ್ಲೋ ಜಾಗ ಎಲ್ಲ ಚೆಲ್ಲಿ ಉಜ್ಜಿಸ್ತೀನಿ, ಕುಂಡದ ತಟ್ಟೆ, ತೆಂಗಿನ ಚಿಪ್ಪು, ಎಲ್ಲಾನೂ. ಹೋದ್ ಮಳೆಗಾಲ ಇಷ್ಟೆಲ್ಲಾ ಮಾಡಿದ್ರೂ ಮನೆ ತುಂಬಾ ಪಟ್ಟೆಕಾಲಿನ್ವು. ಎಲ್ಲಿಂದ ಅಂತ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಅಳಿಯಂದ್ರು ಫ್ರಿಜ್ ಈಚೆ ಎಳೆದು ಹಿಂದಿನ ಟ್ರೇಗೆ ಟಾರ್ಚ್ ಬಿಟ್ರು ನೋಡಿ, ಹುಳ ಕುಣೀತಿದ್ವು.