ಕಾಪಿ ಮಾಡಿದರೆ ಓಡಬೇಕು: ಡಾಕ್ಯುಮೆಂಟೇಶನ್‌ಗೆ ಕೋಡ್ ಉದಾಹರಣೆ ಬರೆಯುವುದು ಹೇಗೆ?

"ಇದ್ದದ್ದ್ ಇದ್ದಂಗ ಕಾಪಿ ಮಾಡೀನ್ರಿ ಸರ್, ಆದ್ರೂ 404 ಬರಾಕತ್ತೈತ್ರಿ." ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ಬಳಿ ಜಾವಾ ಕಲಿಯುವ ಹುಡುಗ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದ. ಕೋಡ್ ಸರಿಯಾಗಿಯೇ ಇತ್ತು. ಆದರೆ ವೆಬ್ ಕೋರಿಕೆಗೆ ಉತ್ತರಿಸುವ ಕಂಟ್ರೋಲರ್ ಕ್ಲಾಸನ್ನು ಬೇರೆ ಪ್ಯಾಕೇಜಿನಲ್ಲಿ (ಕ್ಲಾಸುಗಳನ್ನು ಗುಂಪು ಮಾಡಿಡುವ ಜಾಗ) ಇಟ್ಟಿದ್ದ. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬೂಟ್ ತಾನಾಗಿ ಹುಡುಕುವುದು ಮೇನ್ ಕ್ಲಾಸ್ ಇರುವ ಪ್ಯಾಕೇಜನ್ನು, ಅದರ ಒಳಗಿನವನ್ನು, ಅಷ್ಟೇ. ಉದಾಹರಣೆಯಲ್ಲಿ ಪ್ಯಾಕೇಜ್ ಸಾಲೇ ಇರಲಿಲ್ಲ. ಅದನ್ನು ಬರೆದವನು ನಾನೇ!

ಆದ್ದರಿಂದ ಮೊದಲು, ಜಾಗ ಉಳಿಸಲೆಂದು ಪ್ಯಾಕೇಜ್, ಇಂಪೋರ್ಟ್ ಸಾಲುಗಳನ್ನು ಕತ್ತರಿಸಬೇಡಿ. 2022ರ ನವೆಂಬರಿನಲ್ಲಿ ಬಂದ ಬೂಟ್ 3.0ರಿಂದ ಸರ್ವ್ಲೆಟ್ (ವೆಬ್ ಕೋರಿಕೆ ನಿಭಾಯಿಸುವ ಜಾವಾ ಭಾಗ) ಇಂಪೋರ್ಟಿನ ಆರಂಭದಲ್ಲಿದ್ದ 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಬಂದಿದೆ. ಕ್ಲಾಸಿನ ಹೆಸರು ಮಾತ್ರ ಅದೇ. ಇಂಪೋರ್ಟ್ ಕಾಣದಿದ್ದರೆ ಓದುಗ ಹಳೆಯದನ್ನೇ ತಂದು ಅಂಟಿಸುತ್ತಾನೆ. ಜಾವಾ 17, ಬೂಟ್ ಇಂಥದ್ದು ಎಂದು ಉದಾಹರಣೆಯ ತಲೆಯ ಮೇಲೇ ಬರೆಯಿರಿ.

ಫೂ, ಬಾರ್ ಎಂಬ ಅರ್ಥವಿಲ್ಲದ ಹೆಸರುಗಳನ್ನು ಕೈಬಿಡಿ. ನನ್ನ ಉದಾಹರಣೆಗಳಲ್ಲಿ ಈಗ ಇಳಕಲ್ ಸೀರೆ ಅಂಗಡಿ ಇಟ್ಟುಕೊಂಡಿದ್ದೇನೆ: 7ನೇ ನಂಬರಿನ ಸೀರೆ ಕೇಳಿದರೆ ಬರುವ ಜೇಸನ್ (JSON, ಮಾಹಿತಿ ಕಳಿಸುವ ಪಠ್ಯರೂಪ) ಉತ್ತರ, ಇಲ್ಲದ ಸೀರೆ ಕೇಳಿದರೆ ಬರುವ 404, ಎರಡನ್ನೂ ಕೋಡಿನ ಕೆಳಗೇ ತೋರಿಸುತ್ತೇನೆ.

ಇನ್ನು ಮುಖ್ಯ ಕೆಲಸ. ಕೋಡನ್ನು ಡಾಕ್ಯುಮೆಂಟಿನೊಳಗೆ ಟೈಪ್ ಮಾಡಲೇಬೇಡಿ. ಪಕ್ಕದಲ್ಲಿ ಪುಟ್ಟ ಪ್ರಾಜೆಕ್ಟ್ ಮಾಡಿ, ಅಲ್ಲಿ ಬರೆದು, ಸರ್ವರ್ ಎಬ್ಬಿಸದೆ ಕಂಟ್ರೋಲರನ್ನು ಪರೀಕ್ಷಿಸುವ ಸ್ಪ್ರಿಂಗಿನ ಮಾಕ್‌ಎಂವಿಸಿಯಿಂದ ಟೆಸ್ಟ್ ಹಾಕಿ. ಬೇಕಾದ ಭಾಗದ ಮೇಲೊಂದು, ಕೆಳಗೊಂದು ಟ್ಯಾಗ್ ಕಾಮೆಂಟ್ ಇಟ್ಟರೆ, ಡಾಕ್ಯುಮೆಂಟ್ ತಯಾರಿಸುವ ಸಾಧನವಾದ ಆಸ್ಕಿಡಾಕ್ಟರ್‌ನ ಇನ್‌ಕ್ಲೂಡ್ ಅಷ್ಟನ್ನೇ ಎತ್ತಿ ತರುತ್ತದೆ. ಕೋಡಿನ ಕಾಮೆಂಟುಗಳಿಂದ ಡಾಕ್ಯುಮೆಂಟೇಶನ್ ಮಾಡುವ ಜಾವಾಡಾಕ್‌ನಲ್ಲೂ ಜಾವಾ 18ರಿಂದ ಸ್ನಿಪೆಟ್ ಟ್ಯಾಗ್ ಇದೆ, ಹೊರಗಿನ ಫೈಲಿನಿಂದ ಕೋಡ್ ಎಳೆದುಕೊಳ್ಳುತ್ತದೆ. ಫ್ರೇಮ್‌ವರ್ಕಿನ ಆವೃತ್ತಿ ಏರಿಸಿದ ದಿನ ಓದುಗನ ಬದಲು ನಿಮ್ಮ ಬಿಲ್ಡ್ (ಕಂಪೈಲ್, ಟೆಸ್ಟ್ ನಡೆಯುವ ಹಂತ) ಕೂಗಿಕೊಳ್ಳುತ್ತದೆ.

ಬಿಲ್ಡಿಗೂ ಸಿಗದ ಕಳ್ಳರಿದ್ದಾರೆ. ಪಾತ್ ವೇರಿಯೆಬಲ್‌ಗೆ (ವಿಳಾಸದಲ್ಲಿ ಬರುವ ಸೀರೆ ನಂಬರಿನಂಥದ್ದಕ್ಕೆ) ಹೆಸರು ಕೊಡದೆ ಬರೀ 'ಲಾಂಗ್ ಐಡಿ' ಎಂದು ಬರೆಯುವ ಚಾಳಿ ನನಗೂ ಇತ್ತು. ಬೂಟ್ 3.2ರಿಂದ, ಪ್ಯಾರಾಮೀಟರುಗಳ ಹೆಸರು ಉಳಿಸುವ ಪ್ಯಾರಾಮೀಟರ್ಸ್ ಫ್ಲ್ಯಾಗ್ ಇಲ್ಲದೆ ಕಂಪೈಲ್ ಆದರೆ ಇದು ರಿಕ್ವೆಸ್ಟ್ ಬಂದಾಗ ಮುಗ್ಗರಿಸುತ್ತದೆ. ಬೂಟ್‌ನ ಮೇವನ್ ಪೇರೆಂಟ್ (ಬಿಲ್ಡ್ ಸಾಧನವಾದ ಮೇವನ್‌ಗೆ ಸಿದ್ಧ ಸೆಟ್ಟಿಂಗ್ ಕೊಡುವ ಫೈಲ್) ಆ ಫ್ಲ್ಯಾಗನ್ನು ತಾನೇ ಹಾಕುವುದರಿಂದ ನಮ್ಮಲ್ಲಿ ಓಡುತ್ತದೆ, ಪೇರೆಂಟ್ ಬಳಸದವರಲ್ಲಿ ಓಡದೇ ಇರಬಹುದು. ಹೆಸರು ಬರೆದುಬಿಡಿ.

ಕೊನೆಗೆ ಹೊಸಬರೊಬ್ಬರ ಕೈಗೆ ಕೊಟ್ಟು, ಹಿಂದೆ ಬಾಯಿ ಮುಚ್ಚಿಕೊಂಡು ಕೂರಿ. ನಾನು ಅದೇ ಹುಡುಗನಿಗೆ ಕೊಟ್ಟೆ. ಓಡಿತು. ಎರಡನೇ ಸಲ ರನ್ ಮಾಡಿದಾಗ 8080 ಪೋರ್ಟ್ ಖಾಲಿ ಇಲ್ಲವೆಂದಿತು, ಮೊದಲನೆಯದನ್ನು ಅವನು ನಿಲ್ಲಿಸಿರಲಿಲ್ಲ. ಅದಕ್ಕೂ ಒಂದು ಸಾಲು ಸೇರಿಸಿದೆ.