ಹಳೆ ಬಾಗಲಕೋಟೆಯ ನೆಗೆಟಿವ್‌ಗಳನ್ನು ಡಿಸ್ಕಿಗೆ ಇಳಿಸಿದ್ದು

ಬಾಗಲಕೋಟೆಯ ಹಳೆ ಊರಿನ ಒಂದಷ್ಟು ಭಾಗ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗುವ ಮುನ್ನ ನಮ್ಮ ತಂದೆ ತಮ್ಮ ಸ್ಟುಡಿಯೋದ ಕ್ಯಾಮೆರಾದಿಂದ ಓಣಿ ಓಣಿ ಸುತ್ತಿ ತೆಗೆದ ಸುಮಾರು 1,100 ನೆಗೆಟಿವ್‌ಗಳು ನವನಗರದ ನಮ್ಮ ಮನೆಯ ಕಪಾಟಿನಲ್ಲಿ ಇದ್ದವು. ಪ್ರತಿಯೊಂದರ ಲಕೋಟೆಯ ಮೇಲೆ ಅವರ ಕೈಬರಹದಲ್ಲಿ ವಿವರವಿತ್ತು. ನೆಗೆಟಿವ್‌ಗಳನ್ನು 3,200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ ಒಂದೊಂದು ಟಿಫ್ ಕಡತ 41 ಎಂಬಿಯಷ್ಟಾಯಿತು. ಒಟ್ಟು 45 ಜಿಬಿ. ಹಾರ್ಡ್ ಡಿಸ್ಕಿನಲ್ಲಿ ಎರಡು ಪ್ರತಿ ಇದ್ದರೂ, ಯಾರೂ ತಪ್ಪಿ ಅಳಿಸಲಾಗದ ಒಂದು ಪ್ರತಿ ಬೇಕೆನಿಸಿ, ಒಮ್ಮೆ ಮಾತ್ರ ಬರೆಯಬಹುದಾದ 25 ಜಿಬಿಯ ಎರಡು ಬ್ಲೂ-ರೇ ಡಿಸ್ಕುಗಳನ್ನು ಆರಿಸಿಕೊಂಡೆ. ಡಿವಿಡಿಯಾದರೆ ಹತ್ತು ಬೇಕಾಗುತ್ತಿದ್ದವು.

ನನ್ನ ಕಂಪ್ಯೂಟರಿನ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆ ಹಿಂದೆ ಎಮ್‌ಕೆಐಸೊಎಫ್‌ಎಸ್ ಮತ್ತು ಸಿಡಿರೆಕಾರ್ಡ್ ಎಂಬ ತಂತ್ರಾಂಶಗಳನ್ನು ಬಳಸುತ್ತಿದ್ದೆ. ಅವುಗಳ ಪರವಾನಗಿಯ ಬಗ್ಗೆ ತಕರಾರು ಎದ್ದು ಲಿನಕ್ಸ್‌ನ ಒಂದು ಆವೃತ್ತಿಯಾದ ಡೆಬಿಯನ್ ಬಳಗದವರು 2006ರಲ್ಲಿ ಅವುಗಳ ಆಕರದಿಂದಲೇ ಸಿಡಿಆರ್‌ಕಿಟ್ ಎಂಬ ಪ್ರತ್ಯೇಕ ಕವಲನ್ನು ತೆಗೆದರು. ಆ ಕವಲಿನ ಕೆಲಸವೂ ಬಹಳ ವರ್ಷಗಳ ಹಿಂದೆಯೇ ನಿಂತಿತು. ಹಾಗಾಗಿ ನಾನು ಲಿಬ್‌ಬರ್ನಿಯಾ ಯೋಜನೆಯ ಸಲಕರಣೆಗಳತ್ತ ಬಂದೆ. ಇದರಲ್ಲಿ ಮೂರು ಲೈಬ್ರರಿಗಳಿವೆ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟುಗಳು. ಲಿಬ್‌ಐಸೊಎಫ್‌ಎಸ್ ಕಡತಗಳಿಂದ, ಡಿಸ್ಕಿನಲ್ಲಿ ಅವುಗಳನ್ನು ಜೋಡಿಸಿಡುವ ಐಎಸ್ಒ 9660 ಎಂಬ ಕಡತ ವ್ಯವಸ್ಥೆಯನ್ನು ಕಟ್ಟುತ್ತದೆ, ಲಿಬ್‌ಬರ್ನ್ ಡ್ರೈವಿನೊಂದಿಗೆ ಮಾತಾಡಿ ಅದನ್ನು ಡಿಸ್ಕಿಗೆ ಬರೆಯುತ್ತದೆ, ಲಿಬ್‌ಐಸೊಬರ್ನ್ ಇವೆರಡನ್ನೂ ಜೋಡಿಸುತ್ತದೆ. ಸಿ ಭಾಷೆಯಲ್ಲಿ ಇವುಗಳನ್ನು ನೇರವಾಗಿ ಕರೆಯಬಹುದು. ಆದರೆ ಇವುಗಳ ಮೇಲೆಯೇ ಕಟ್ಟಿದ ಝೊರಿಸೊ ಎಂಬ ಆಜ್ಞಾಸಾಲಿನ ತಂತ್ರಾಂಶವೇ ನನ್ನ ಕೆಲಸಕ್ಕೆ ಸಾಕಾಯಿತು. ಎರಡು ದಿನ ಕೂತು ಬರೆದ ಸಿ ಪ್ರೋಗ್ರಾಮನ್ನು ಕೊನೆಗೆ ಬದಿಗಿಟ್ಟೆ.

ಬರೆಯುವುದು ಕಷ್ಟವಾಗಲಿಲ್ಲ. ಕಷ್ಟ ಕೊಟ್ಟದ್ದು ಕನ್ನಡದ ಹೆಸರುಗಳು.

ಲಕೋಟೆಯ ಮೇಲಿನ ವಿವರವನ್ನೇ ಕಡತದ ಹೆಸರಾಗಿಸಬೇಕೆಂದು ನಿರ್ಧರಿಸಿದ್ದೆ: ‘ಹೋಳಿ, ಬಣ್ಣದ ಬಂಡಿ, ಕಿಲ್ಲಾ ಓಣಿ’ ಎಂಬ ಹಾಗೆ. 1988ರ ಐಎಸ್ಒ 9660 ಮಾನದಂಡವಾದರೋ ಹೆಸರಿಗೆ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಅಡಿಗೆರೆಯನ್ನು ಮಾತ್ರ ಒಪ್ಪುತ್ತದೆ; ಅದರ ಮೊದಲ ಹಂತದಲ್ಲಿ ಹೆಸರಿಗೆ ಎಂಟು, ವಿಸ್ತರಣೆಗೆ ಮೂರು ಅಕ್ಷರಗಳಷ್ಟೇ ಮಿತಿ. ಕನ್ನಡ ಹೆಸರುಗಳು ಉಳಿಯುವುದು ಇದರ ಮೇಲೆ ಹೊದಿಸಿದ ಎರಡು ವಿಸ್ತರಣೆಗಳಿಂದ. ಲಿನಕ್ಸ್ ಓದುವ ರಾಕ್ ರಿಜ್‌ನಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಜಾಗವಿದ್ದು, ಲಿಪಿಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ 85 ಸಂಕೇತಗಳು ಹಿಡಿಯುತ್ತವೆ. ವಿಂಡೋಸ್ ರಾಕ್ ರಿಜ್ ಅನ್ನು ನೋಡುವುದಿಲ್ಲ. ಅದು ಓದುವ ಜೋಲಿಯಟ್‌ನಲ್ಲಿ ಮಿತಿ 64 ಸಂಕೇತಗಳು. ಇಲ್ಲಿ ಸಂಕೇತವೆಂದರೆ ನಾವು ಎಣಿಸುವ ಅಕ್ಷರವಲ್ಲ. ‘ಕಿಲ್ಲಾ’ ನಮಗೆ ಎರಡೇ ಅಕ್ಷರವಾದರೂ ಕಂಪ್ಯೂಟರಿಗೆ ಕ, ಗುಡಿಸು, ಲ, ವಿರಾಮ, ಲ, ದೀರ್ಘ ಎಂದು ಆರು ಸಂಕೇತ.

ಮೊದಲ ಬಾರಿ ಡಿಸ್ಕಿನ ಪ್ರತಿಬಿಂಬವನ್ನು (ಡಿಸ್ಕಿಗೆ ಹೋಗಬೇಕಾದುದೆಲ್ಲ ಇರುವ ಒಂದೇ ಕಡತ) ರಾತ್ರಿ ತಾನಾಗಿಯೇ ತಯಾರಾಗುವಂತೆ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ವಹಿಸಿ, ಬೆಳಿಗ್ಗೆ ಬರೆದು, ಸ್ಟುಡಿಯೋದ ವಿಂಡೋಸ್ ಯಂತ್ರದಲ್ಲಿ ಹಾಕಿ ಕಾಕಾನಿಗೆ ತೋರಿಸಿದೆ. ಹೆಸರಿದ್ದಲ್ಲೆಲ್ಲ ಬರೀ ಅಡಿಗೆರೆಗಳ ಸಾಲು. “ಹೆಸರೆಲ್ಲಾ ಎಲ್ಲಿ ಹೋದ್ವೋ ತಮ್ಮಾ?” ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಅದೇ ಡಿಸ್ಕು ನನ್ನ ಲಿನಕ್ಸ್‌ನಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ನಾನು ಕೂತು ಓಡಿಸುವ ಟರ್ಮಿನಲ್ಲಿನ ಲೊಕೇಲ್, ಅಂದರೆ ಭಾಷೆ-ಲಿಪಿಯ ಹೊಂದಿಕೆ, ಯುಟಿಎಫ್-8 ಆಗಿದ್ದರೆ, ಕ್ರಾನ್ ಓಡಿಸುವ ಕೆಲಸಕ್ಕೆ ಇಂಗ್ಲಿಷ್ ಅಕ್ಷರಗಳಷ್ಟೇ ಗೊತ್ತಿರುವ ‘ಸಿ’ ಎಂಬ ಲೊಕೇಲ್ ಸಿಗುತ್ತಿತ್ತು. ರಾಕ್ ರಿಜ್‌ಗೆ ಬೈಟ್‌ಗಳು ಇದ್ದಂತೆಯೇ ಸಾಗಿದವು. ಜೋಲಿಯಟ್‌ಗಾಗಿ ಲಿಪಿ ಪರಿವರ್ತನೆ ಆಗಬೇಕಾದಲ್ಲಿ ಮಾತ್ರ ಲೈಬ್ರರಿಗೆ ಅಕ್ಷರಗಳ ಗುರುತು ಹತ್ತದೆ ಅಡಿಗೆರೆ ಇಟ್ಟಿತ್ತು. ಸ್ಥಳೀಯ ಅಕ್ಷರ ಸಂಕೇತ ಪದ್ಧತಿ ಯುಟಿಎಫ್-8 ಎಂದು ಝೊರಿಸೊಗೆ ಆಜ್ಞೆಯಲ್ಲೇ ಸ್ಪಷ್ಟವಾಗಿ ಹೇಳಿದ ಮೇಲೆ ಸರಿಹೋಯಿತು. ಒಂದು ಡಿಸ್ಕು ಹಾಳಾದದ್ದು ಹಾಳಾಯಿತು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಸ್ಕ್ಯಾನ್‌ಗಳಲ್ಲಿ ಕೆಲವನ್ನು ನನ್ನ ತಮ್ಮ ತನ್ನ ಹಳೆಯ ಮ್ಯಾಕ್‌ನಲ್ಲಿ ಮಾಡಿ ತಂದಿದ್ದ. ಆ ಯಂತ್ರದ ಎಚ್ಎಫ್ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳಲ್ಲಿನ ಕೂಡು ಸ್ವರಚಿಹ್ನೆಗಳನ್ನು ಬಿಡಿಸಿ ಇಡುತ್ತದೆ. ‘ಹೋಳಿ’ಯ ಓಕಾರ ನನ್ನ ಯಂತ್ರದಲ್ಲಿ ಒಂದೇ ಸಂಕೇತವಾದರೆ ಅವನದರಲ್ಲಿ ಮೂರು; ಹಾಗಾಗಿ ನಾಲ್ಕು ಸಂಕೇತಗಳ ಪದ ಆರಾಗಿ, 12 ಬೈಟ್‌ಗಳು 18 ಆಗಿದ್ದವು. ಕಣ್ಣಿಗೆ ಎರಡೂ ಒಂದೇ. ಆದರೆ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡೆರಡು ಕಡತಗಳು ಕುಳಿತಿದ್ದವು, ಹುಡುಕಿದರೆ ಅರ್ಧ ಮಾತ್ರ ಸಿಗುತ್ತಿದ್ದವು. ಪೈಥಾನ್‌ನ ನಾಲ್ಕು ಸಾಲುಗಳಿಂದ ಎಲ್ಲ ಹೆಸರುಗಳನ್ನೂ ಕೂಡು ರೂಪಕ್ಕೆ ತಂದೆ. ಕನ್ನಡದ ಕಡತಗಳನ್ನು ದೀರ್ಘಕಾಲಕ್ಕೆಂದು ಇಡುವ ಯಾರೇ ಆಗಲಿ ಈ ಹೆಜ್ಜೆಯನ್ನು ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಆದರೂ ಉದ್ದದ ಹೆಸರುಗಳು ಜೋಲಿಯಟ್‌ನಲ್ಲಿ ತುಂಡಾಗುತ್ತಿದ್ದವು. ‘ಎಡಬದಿ’, ‘ಬಲಬದಿ’ ಎಂದು ಕೊನೆಯಲ್ಲಷ್ಟೇ ವ್ಯತ್ಯಾಸವಿದ್ದ ಹೆಸರುಗಳಲ್ಲಿ ಆ ಕೊನೆಯೇ ಹೋಗಿ, ಲೈಬ್ರರಿ ತಾನೇ ಅಂಕಿ ಸೇರಿಸಿ ಬೇರೆ ಮಾಡಿತ್ತು. ಮಿತಿಯನ್ನು 103ಕ್ಕೆ ಏರಿಸುವ ಆಯ್ಕೆ ಇದೆ, ಆದರೆ ಅದು ಜೋಲಿಯಟ್ ನಿಯಮಕ್ಕೆ ಹೊರಗಿನದು. ಮುಂದೆ ಯಾವ ಯಂತ್ರದಲ್ಲಿ ಓದಬೇಕಾದೀತೋ ಗೊತ್ತಿಲ್ಲದಿರುವಾಗ ಅದನ್ನು ನೆಚ್ಚಲು ಮನಸ್ಸಾಗಲಿಲ್ಲ. ಹೆಸರನ್ನು 50 ಸಂಕೇತಗಳೊಳಗೆ ಕಟ್ಟಿ, ಮೊದಲಿಗೆ ನೆಗೆಟಿವ್ ಸಂಖ್ಯೆ ಇಟ್ಟು, ಪೂರ್ಣ ವಿವರವನ್ನು ಡಿಸ್ಕಿನ ಮೇಲೆಯೇ ಒಂದು ಪಠ್ಯ ಕಡತದಲ್ಲಿ ಬರೆದೆ.

ಬರೆದದ್ದನ್ನು ಪರೀಕ್ಷಿಸಲು ಝೊರಿಸೊದ ಎಂಡಿ5 ಆಯ್ಕೆ ಬಹಳ ಉಪಯುಕ್ತ; ಎಂಡಿ5 ಎಂದರೆ ಕಡತದ ದತ್ತಾಂಶದಿಂದ ಲೆಕ್ಕ ಹಾಕುವ, ಬದಲಾವಣೆಯನ್ನು ಪತ್ತೆಹಚ್ಚುವ ತಾಳೆ ಸಂಖ್ಯೆ. ಪ್ರತಿ ಕಡತದ ಮತ್ತು ಇಡೀ ಪ್ರತಿಬಿಂಬದ ತಾಳೆ ಸಂಖ್ಯೆಗಳು ಡಿಸ್ಕಿನೊಳಗೇ ದಾಖಲಾಗುತ್ತವೆ, ಆದ್ದರಿಂದ ಮೂಲ ಕಡತಗಳು ಕೈಯಲ್ಲಿಲ್ಲದಿದ್ದರೂ ವರ್ಷಗಳ ನಂತರ ತಾಳೆ ನೋಡಬಹುದು. ಓದುವಾಗಲೂ ಈ ಆಯ್ಕೆಯನ್ನು ಡ್ರೈವ್ ತೆರೆಯುವ ಆಜ್ಞೆಗಿಂತ ಮೊದಲೇ ಕೊಡಬೇಕು. ಬರೆದ ಕೂಡಲೇ ಡಿಸ್ಕನ್ನು ಹೊರತೆಗೆದು ಮತ್ತೆ ಹಾಕಿಯೇ ಪರೀಕ್ಷೆ ಮಾಡುತ್ತೇನೆ.

ಡಿಸ್ಕನ್ನು ಮುಚ್ಚದೆ, ಅಂದರೆ ಉಳಿದ ಖಾಲಿ ಜಾಗದಲ್ಲಿ ಮುಂದೆಯೂ ಬರೆಯಲು ಬರುವಂತೆ, ಬಿಟ್ಟದ್ದು ಪ್ರಯೋಜನಕ್ಕೆ ಬಂತು. ಎಲ್ಲ ಮುಗಿದ ಮೇಲೆ ಕಾಕಾ ಒಂದೊಂದೇ ಚಿತ್ರ ನೋಡುತ್ತ, “ಇದು ಕಿಲ್ಲಾ ಓಣಿ ಅಲ್ಲೋ, ವೆಂಕಟಪೇಟೆ” ಎಂದು ಹದಿನಾಲ್ಕು ಕಡೆ ತಿದ್ದಿದ. ಝೊರಿಸೊ ಹಳೆಯ ಕಡತವೃಕ್ಷವನ್ನು ಡಿಸ್ಕಿನಿಂದ ಓದಿಕೊಂಡು, ಹೆಸರುಗಳನ್ನು ಬದಲಿಸಿ, ಹೊಸ ಸೆಷನ್ನಾಗಿ (ಒಂದು ಬಾರಿಗೆ ಬರೆದ ಕಂತು) ಆ ವೃಕ್ಷವನ್ನಷ್ಟೇ ಮತ್ತೆ ಬರೆಯಿತು; ಚಿತ್ರಗಳ ದತ್ತಾಂಶ ಇದ್ದಲ್ಲೇ ಇತ್ತು. ಈಗ ಡಿಸ್ಕು ಹಾಕಿದರೆ ವೆಂಕಟಪೇಟೆ ಎಂದೇ ಕಾಣುತ್ತದೆ. ಮೊದಲ ಸೆಷನ್ನನ್ನೇ ಕೇಳಿ ತೆರೆದರೆ, ಲಕೋಟೆಯ ಮೇಲೆ ತಂದೆ ಬರೆದಿದ್ದ ಕಿಲ್ಲಾ ಓಣಿಯೂ ಹಾಗೆಯೇ ಇದೆ.